ರೈತರ ವ್ಯಾಪಾರ ಸಂಘಗಳಿಗೆ ಮುಂದಾಲೋಚನೆಯ ಆವಶ್ಯಕತೆ

ವ್ಯವಸಾಯಗಾರನು ತನ್ನ ಹೊಲದ ವಿಷಯದಲ್ಲಿ ಮುಂದಾಲೋಚನೆಯಿಲ್ಲದವನೆಂದು ಯಾರೂ ಹೇಳಲಾರರು. ಮುಂಗಾರಿಗೆ ಮೊದಲೇ ಅವನು ಭೂಮಿಯನ್ನು ಉತ್ತು ಹದಮಾಡಿಕೊಳ್ಳುವನು. ಬಿತ್ತನೆಯ ಬೀಜವನ್ನು ಬೇರೆಯಾಗಿ ತೆಗೆದಿಡುವನು. ಮಳೆಯು ತಡವಾದರೆ ರಾಗಿಗೆ ಬದಲಾಗಿ ಹುರುಳಿಯನ್ನು ಬಿತ್ತತಕ್ಕದ್ದೆಂದು ಮನಸ್ಸಿನಲ್ಲಿಯೇ ನಿಷ್ಕರ್ಷಿಸಿಕೊಂಡಿರುವನು. ಆದರೆ ಇಂತಹ ರೈತರೇ ಹಲವರು ಕೂಡಿ ಹುಟ್ಟುವಳಿಯ ಮಾರಾಟಕ್ಕಾಗಿ ಸಂಘವೊಂದನ್ನು ಸ್ಥಾಪಿಸಿದಾಗ, ಆ ಮುಂದಾಲೋಚನೆಯು ಹೊಲದ ಬದುವಿನಲ್ಲಿಯೇ ಉಳಿದುಬಿಡುವುದುಂಟು. ಈ ವರ್ಷದ ಧಾರಣೆಯ ಮೇಲೆಯೇ ಎಲ್ಲರ ದೃಷ್ಟಿಯೂ ನಿಲ್ಲುವುದು. ಐದು ವರ್ಷಗಳ ಮೇಲೆ ಸಂಘವು ಯಾವ ಕೆಲಸವನ್ನು ಮಾಡುತ್ತಿರಬೇಕು, ಈಗ ಕೊಳ್ಳುತ್ತಿರುವವರು ಕೈಬಿಟ್ಟರೆ ಗತಿಯೇನು ಎಂಬುದನ್ನು ವಿಚಾರಿಸುವವರು ವಿರಳ.

ಈ ವಿಚಾರವು ಎಷ್ಟು ಮುಖ್ಯವಾದುದೆಂಬುದಕ್ಕೆ ಕರಾವಳಿಯ ಅಡಕೆ ಬೆಳೆಗಾರರ ಸಂಸ್ಥೆಯಾದ ಕ್ಯಾಂಪ್ಕೋವಿನ ಚರಿತ್ರೆಯು ಒಳ್ಳೆಯ ನಿದರ್ಶನವಾಗಿದೆ.

ಅಡಕೆಯ ಧಾರಣೆ

೧೯೭೦ರ ದಶಕದ ಆರಂಭದಲ್ಲಿ ಅಡಕೆಯ ಬೆಲೆಯು ಬಹಳವಾಗಿ ಕುಸಿದು, ದಕ್ಷಿಣ ಕನ್ನಡ ಮತ್ತು ಕಾಸರಗೋಡು ಪ್ರಾಂತ್ಯದ ತೋಟಗಾರರು ಸಂಕಟಕ್ಕೊಳಗಾದರು. ಅಡಕೆಯು ವರ್ಷವರ್ಷವೂ ಬದಲಾಯಿಸಬಹುದಾದ ಬೆಳೆಯಲ್ಲ. ಸಸಿಯನ್ನು ನೆಟ್ಟು ಫಲ ಕಾಣಬೇಕಾದರೆ ಐದಾರು ವರ್ಷಗಳಾದರೂ ಹಿಡಿಯುವುವು. ಆದುದರಿಂದ ಬೆಲೆಯಿಳಿಯಿತೆಂದು ತೋಟವನ್ನು ಬಿಡಲಾರದೆ, ದಲಾಲರು ಹೇಳಿದ ಧಾರಣೆಗೆ ಮಾಲನ್ನು ಒಪ್ಪಿಸಬೇಕಾದ ಸ್ಥಿತಿಯಿದ್ದಿತು.

ಈ ಸ್ಥಿತಿಯಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ, ಕರ್ಣಾಟಕ ಮತ್ತು ಕೇರಳ ರಾಜ್ಯಗಳ ಬೆಳೆಗಾರರು ಸೇರಿ ೧೯೭೩ನೆಯ ಇಸವಿ ಜುಲೈ ತಿಂಗಳಲ್ಲಿ ಮಂಗಳೂರಿನಲ್ಲಿ ಈ ಸಹಕಾರ ಸಂಸ್ಥೆಯನ್ನು ಸ್ಥಾಪಿಸಿದರು. ಪೇಟೆಗೆ ಬರುವ ಅಡಕೆಯನ್ನೆಲ್ಲಾ ಕೊಂಡುಬಿಡುವುದು ಇಂತಹ ಸಂಸ್ಥೆಗೆ ಸಾಧ್ಯವೂ ಅಲ್ಲ, ಆವಶ್ಯಕವೂ ಅಲ್ಲ. ಬೆಳೆಗಾರರದೇ ಆದ ಒಬ್ಬ ಖರೀದಿದಾರನು ಸರಿಯಾದ ತೂಕವನ್ನೂ ತಕ್ಕ ಬೆಲೆಯನ್ನೂ ಕೊಡುತ್ತಾ ಪೇಟೆಯಲ್ಲಿ ನಿಂತರೆ, ಇತರ ವರ್ತಕರೂ ಅದಕ್ಕಿಂತ ಬಹಳ ಕೆಳಗೆ ಇಳಿಯಲಾರರು. ಚಾಲಿ ಅಡಕೆಯು ಚೆನ್ನಾಗಿ ಒಣಗಿದ ಮೇಲೆ ತಿಂಗಳುಗಟ್ಟಲೆ ದಾಸ್ತಾನಿನಲ್ಲಿ ನಿಲ್ಲತಕ್ಕ ಮಾಲಾದ ಕಾರಣ, ಸಂಸ್ಥೆಯ ಉಪಾಯವು ಕೊಳ್ಳುವುದು, ದರ್ಜೆಗೊಳಿಸುವುದು, ಕಾದಿರಿಸಿ ಮಾರುವುದು ಎಂಬಿಷ್ಟರಲ್ಲಿ ಅಡಗಿದ್ದಿತು.

ಕೋಕೋ ಬೆಳೆಯ ಪರೀಕ್ಷೆ

ಈ ಉಪಾಯವೇ ಎಲ್ಲಾ ಮಾಲಿಗೂ ಸಲ್ಲುವುದಿಲ್ಲವೆಂಬುದು ಕೋಕೋ ವಿಷಯದಲ್ಲಿ ಸ್ಪಷ್ಟವಾಯಿತು. ಅಡಕೆಯ ಮರಗಳ ನೆರಳಿನಲ್ಲಿ ಕೋಕೋ ಗಿಡವು ಉಪಬೆಳೆಯಾಗಿ ಚೆನ್ನಾಗಿ ಬರುವುದರಿಂದ, ೧೯೭೦ರ ದಶಕದಲ್ಲಿ ಅನೇಕ ತೋಟಗಾರರು ಇದನ್ನು ನೆಟ್ಟಿದ್ದರು. ಆದರೆ ಕೊಳ್ಳುವವರು ಕೆಲವರೇ ಆಗಿದ್ದರು. ಆ ದಶಕದ ಕೊನೆಗೆ ಲೋಕದ ಪೇಟೆಯಲ್ಲಿ ಬೆಲೆಯಿಳಿದು ಖರೀದಿಯು ನಿಂತಾಗ, ಬೆಳೆಗಾರರು ದಿಕ್ಕುಗಾಣದವರಾದರು. ಕೆಲವರು ಗಿಡಗಳನ್ನು ಕಡಿದೂ ಹಾಕಿದರು.

ಅಡಕೆಯಂತೆ ಕೋಕೋ ಬೀಜವನ್ನು ಮನೆಯಲ್ಲಿ ಕಾದಿಡುವಂತಿಲ್ಲ. ಕಾಯನ್ನು ಒಡೆದೊಡನೆಯೇ ಹಸಿಬೀಜವನ್ನು ಹುದುಗುಹಾಕಬೇಕು. ಐದಾರು ದಿನಗಳು ಹುದುಗಿದ ಮೇಲೆ ಒಣಗಿಸಬೇಕು. ಒಣಗಿದ ಬೀಜವು ಹಸಿಬೀಜದ ತೂಕದ ಸುಮಾರು ಮೂರನೆಯ ಒಂದು ಪಾಲು ಮಾತ್ರ ಉಳಿಯುವುದು. ಸಂಸ್ಥೆಯು ಸರ್ಕಾರಗಳ ಅಪೇಕ್ಷೆಯಂತೆ ಕೋಕೋ ಖರೀದಿಗೆ ಕೈಹಾಕಿತು. ಆದರೆ ಕೊಂಡುದನ್ನು ಕಚ್ಚಾ ಮಾಲಾಗಿಯೇ ಮಾರುವುದಾದರೆ ಮತ್ತೆ ಆ ಕೆಲವೇ ಕೊಳ್ಳುವವರ ಬಾಗಿಲಿಗೇ ಹೋಗಬೇಕಾಗುವುದು. ಆದುದರಿಂದ ಬೀಜವನ್ನು ತಾನೇ ಸಂಸ್ಕರಿಸತಕ್ಕದ್ದೆಂದು ನಿಶ್ಚಯಿಸಿ, ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನು ಆರಂಭಿಸಿತು. ಅಲ್ಲಿಂದ ಮುಂದೆ ಹಸಿಬೀಜಕ್ಕೆ ಬೆಳೆಗಾರರದೇ ಆದ ಒಂದು ಗಿರಾಕಿಯು ದೊರೆತಂತಾಯಿತು.

ಇದರಿಂದ ಗ್ರಹಿಸತಕ್ಕ ಅಂಶಗಳು

ಮೊದಲನೆಯದಾಗಿ, ಸಂಘವು ತನ್ನ ಉದ್ದೇಶವನ್ನು ಒಂದೇ ಮಾತಿನಲ್ಲಿ ಹೇಳಬಲ್ಲುದಾಗಿರಬೇಕು. ಗೊಬ್ಬರ, ಬೀಜ, ಸಾಲ, ಮಾರಾಟ, ಕಾರ್ಖಾನೆ ಇವೆಲ್ಲವನ್ನೂ ಮೊದಲ ವರ್ಷದಲ್ಲಿಯೇ ಹಿಡಿದ ಸಂಘವು ಯಾವುದನ್ನೂ ಸರಿಯಾಗಿ ನಡೆಯಿಸಲಾರದು.

ಎರಡನೆಯದಾಗಿ, ಮಾಲಿನ ಸ್ವಭಾವವನ್ನು ತಿಳಿದು ಉಪಾಯವನ್ನು ಗೊತ್ತುಮಾಡಬೇಕು. ಕಾದಿಡತಕ್ಕ ಮಾಲಿಗೆ ಉಗ್ರಾಣವೂ ಹಣವೂ ಬೇಕು; ಕೆಡತಕ್ಕ ಮಾಲಿಗೆ ಸಂಸ್ಕರಣದ ಏರ್ಪಾಟು ಬೇಕು. ಟೊಮೇಟೊ ಬೆಳೆಯುವ ಊರಿನವರು ಕೊಬ್ಬರಿ ಬೆಳೆಯುವ ಊರಿನವರ ಕ್ರಮವನ್ನು ಅನುಸರಿಸಿದರೆ ನಷ್ಟವೇ ಸರಿ.

ಮೂರನೆಯದಾಗಿ, ಒಬ್ಬನೇ ಗಿರಾಕಿಯನ್ನು ನಂಬಿರಬಾರದು. ಅವನು ಹಿಂದೆಗೆದರೆ ಮಾಡತಕ್ಕದ್ದೇನೆಂಬುದನ್ನು ಅವನು ಕೊಳ್ಳುತ್ತಿರುವಾಗಲೇ ನಿರ್ಣಯಿಸಿಡಬೇಕು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿ ಫಲವಿಲ್ಲ.

ನಾಲ್ಕನೆಯದಾಗಿ, ಲಾಭದಲ್ಲಿ ಒಂದು ಭಾಗವನ್ನು ಆಪದ್ಧನಕ್ಕೆ ಸೇರಿಸಬೇಕು. ಒಳ್ಳೆಯ ವರ್ಷದಲ್ಲಿ ಎಲ್ಲವನ್ನೂ ಹಂಚಿಕೊಂಡ ಸಂಘವು ಕೆಟ್ಟ ವರ್ಷದಲ್ಲಿ ಸದಸ್ಯರ ಮಾಲನ್ನು ಕೊಳ್ಳಲಾರದು. ಸಂಘದ ಪ್ರಯೋಜನವು ಕೆಟ್ಟ ವರ್ಷದಲ್ಲಿಯೇ ಕಾಣತಕ್ಕದ್ದು.

ಹೊಸ ಸಂಸ್ಥೆಗಳ ಲೆಕ್ಕ

೨೦೨೦ರಲ್ಲಿ ಕೇಂದ್ರ ಸರ್ಕಾರವು ದೇಶದಲ್ಲಿ ೧೦,೦೦೦ ರೈತ ಉತ್ಪಾದಕ ಸಂಸ್ಥೆಗಳನ್ನು ಏರ್ಪಡಿಸುವ ಯೋಜನೆಯನ್ನು ಆರಂಭಿಸಿತು. ಇದರಂತೆ ಬಯಲುಸೀಮೆಯ ಸಂಸ್ಥೆಗೆ ಕನಿಷ್ಠ ೩೦೦ ಸದಸ್ಯರಿರಬೇಕು. ನಿರ್ವಹಣೆಯ ವೆಚ್ಚಕ್ಕಾಗಿ ಮೂರು ವರ್ಷಗಳಲ್ಲಿ ೧೮ ಲಕ್ಷ ರೂಪಾಯಿಗಳವರೆಗೆ ಸಹಾಯಧನವನ್ನೂ, ಸದಸ್ಯರು ಹಾಕಿದ ಷೇರುಹಣಕ್ಕೆ ಸಮನಾಗಿ ತಲೆಯೊಂದಕ್ಕೆ ೨,೦೦೦ ರೂಪಾಯಿಗಳವರೆಗೆ, ಒಟ್ಟು ೧೫ ಲಕ್ಷಕ್ಕೆ ಮೀರದಂತೆ, ಅನುದಾನವನ್ನೂ ಕೊಡತಕ್ಕದ್ದೆಂದು ಗೊತ್ತುಮಾಡಲ್ಪಟ್ಟಿತು.

ಸಹಾಯವೇನೋ ದೊಡ್ಡದು. ಆದರೆ ಮೂರು ವರ್ಷಗಳ ಮೇಲೆ ಏನು ಮಾಡಬೇಕು? ಮುಖ್ಯಾಧಿಕಾರಿಯ ಸಂಬಳ, ಲೆಕ್ಕಿಗನ ಸಂಬಳ, ಬಾಡಿಗೆ ಮೊದಲಾದುವು ವರ್ಷಕ್ಕೆ ೬ ಲಕ್ಷ ರೂಪಾಯಿಗಳಾಗುವುದೆಂದು ಇಟ್ಟುಕೊಳ್ಳೋಣ. ಸಂಸ್ಥೆಗೆ ಮಾರಾಟದಲ್ಲಿ ನೂರಕ್ಕೆ ಎರಡು ರೂಪಾಯಿ ಉಳಿಯುವುದಾದರೆ, ಈ ವೆಚ್ಚವನ್ನು ತೂಗಿಸಲು ೩ ಕೋಟಿ ರೂಪಾಯಿಗಳ ವ್ಯಾಪಾರವಾಗಬೇಕು. ಅಂದರೆ ೩೦೦ ಸದಸ್ಯರಲ್ಲಿ ಪ್ರತಿಯೊಬ್ಬನೂ ವರ್ಷಕ್ಕೆ ಒಂದು ಲಕ್ಷ ರೂಪಾಯಿಗಳ ಮಾಲನ್ನು ಸಂಸ್ಥೆಯ ಮೂಲಕವೇ ಮಾರಬೇಕು. ಮಾಲನ್ನು ಒಣಗಿಸಿ, ಆಯ್ದು, ದರ್ಜೆಗೊಳಿಸಿ ನೂರಕ್ಕೆ ನಾಲ್ಕು ರೂಪಾಯಿ ಉಳಿಸಿದರೆ, ಅರ್ಧದಷ್ಟು ವ್ಯಾಪಾರವೇ ಸಾಕು. ಈ ಲೆಕ್ಕವನ್ನು ಮೊದಲ ವರ್ಷದಲ್ಲಿಯೇ ಹಾಕಿದವರಿಗೆ ದಾರಿ ಕಾಣುವುದು. ಸಹಾಯಧನವು ನಿಂತ ಮೇಲೆ ಹಾಕಿದವರಿಗೆ ಬೀಗಹಾಕುವ ಕೆಲಸ ಮಾತ್ರ ಉಳಿಯುವುದು.

ಇಲ್ಲಿ ಸದಸ್ಯರ ನಡತೆಯೂ ಮುಖ್ಯವಾದುದು. ಧಾರಣೆಯೇರಿದಾಗ ಮಂಡಿಯವನಿಗೂ, ಇಳಿದಾಗ ಸಂಘಕ್ಕೂ ಮಾಲನ್ನು ಒಪ್ಪಿಸುವ ಸದಸ್ಯನು ತನ್ನ ಷೇರುಹಣವನ್ನು ತಾನೇ ಕರಗಿಸಿದಂತಾಗುವುದು. ಊರಿನ ದೊಡ್ಡ ಹಿಡುವಳಿದಾರರೇ ಹೀಗೆ ಮಾಡಿದರೆ ಸಣ್ಣವರು ಅವರನ್ನೇ ಅನುಸರಿಸುವರು.

ಗ್ರಾಮದ ಮುಖಂಡರಲ್ಲಿ ವಿಜ್ಞಾಪನೆ

ಗ್ರಾಮಗಳ ಮುಖಂಡರೂ ಭೂಮಾಲೀಕರೂ ಸಾಮಾನ್ಯವಾಗಿ ಇಂತಹ ಸಂಸ್ಥೆಗಳ ಆಡಳಿತ ಮಂಡಲಿಯಲ್ಲಿರುವವರೇ. ಅವರು ಪ್ರತಿ ವರ್ಷವೂ ಸುಗ್ಗಿಗೆ ಮೊದಲು ಒಂದು ದಿನ ಸೇರಿ, ಮೇಲ್ಕಂಡ ನಾಲ್ಕು ಅಂಶಗಳಿಗೂ ಉತ್ತರವನ್ನು ಬರೆದಿಟ್ಟು, ಹಿಂದಿನ ವರ್ಷ ಬರೆದುದರಲ್ಲಿ ನಡೆದುದೆಷ್ಟು, ನಡೆಯದೆ ಹೋದುದೆಷ್ಟು, ಅದಕ್ಕೆ ಕಾರಣವೇನು ಎಂಬುದನ್ನು ಸದಸ್ಯರ ಸಭೆಯಲ್ಲಿ ಓದಿಹೇಳುವ ಪದ್ಧತಿಯನ್ನು ಇಟ್ಟುಕೊಳ್ಳುವುದು ಉತ್ತಮ. ಇದಕ್ಕೆ ಒಂದು ಲೆಕ್ಕದ ಪುಸ್ತಕವೂ ಒಂದು ದಿನದ ಬಿಡುವೂ ಸಾಕು.