ನಾಣ್ಯಗಳ ವರ್ಣನಿಷ್ಠ ಪ್ರತಿಬಿಂಬ: ಸ್ಕ್ಯಾನರ್ ಬಳಕೆಯ ಕೆಲವು ವಿಚಾರಗಳು

ಓಲೆಗರಿ ಮತ್ತು ಕಡತಗಳ ಜೊತೆಯಲ್ಲಿ ಹಳೆಯ ನಾಣ್ಯಗಳೂ ವಿದ್ವಾಂಸರ ಕೈಸೇರುವುದುಂಟು. ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ಸೀಮೆಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಅರಿಕುಠಾರವೆಂದು ಹೆಸರಾಗಿದ್ದ ಚಾಮರಾಜನಗರದಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯನು ಕ್ರಿ.ಶ. 1117ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಅಲ್ಲಿಗೆ ಸಮೀಪದ ಮಲೆಯೂರಿನ ಕನಕಗಿರಿಯು ‘ರಾಜಾವಳಿ ಕಥೆ’ಯ ಕರ್ತೃ ದೇವಚಂದ್ರನ ನೆಲೆ. ಗುಂಡ್ಲುಪೇಟೆಯಾದರೋ ವಯನಾಡು ಹಾಗೂ ನೀಲಗಿರಿಗಳಿಗೆ ಹೋಗುವ ದಾರಿಗಳು ಕವಲೊಡೆಯುವ ಊರು. ಇಂಥ ಕಡೆಯಲ್ಲಿ ಮೈಸೂರಿನ ಕಂಠೀರವ ಹಣ, ಕೇರಳದ ವೀರರಾಯ ಹಣ, ಟಿಪ್ಪುವಿನ ಆನೆಯ ಮುದ್ರೆಯ ತಾಮ್ರದ ನಾಣ್ಯ, ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸು ಇವೆಲ್ಲ ಒಂದೇ ಗಂಟಿನಲ್ಲಿ ದೊರೆತರೆ ಅಚ್ಚರಿಯಿಲ್ಲ.

ನಾಣ್ಯಕ್ಕೆ ಬಣ್ಣವು ಅಲಂಕಾರವಲ್ಲ, ಪ್ರಮಾಣ. ಚಿನ್ನದ ಶುದ್ಧಿಯನ್ನು ‘ವರ್ಣ’ದ ಲೆಕ್ಕದಲ್ಲಿ ಹೇಳುವುದು ನಮ್ಮ ಪ್ರಾಚೀನ ರೂಢಿ, ಒರೆಗಲ್ಲಿನ ಮೇಲಿನ ಗೀರಿನ ಬಣ್ಣವೇ ಅದಕ್ಕೆ ಸಾಕ್ಷಿ. ದೆಹಲಿಯ ಟಂಕಸಾಲೆಯಲ್ಲಿದ್ದ ಜೈನ ವಿದ್ವಾಂಸ ಠಕ್ಕುರ ಫೇರು 1318ರಲ್ಲಿ ನಾಣ್ಯಗಳ ಪರೀಕ್ಷೆಗೆಂದೇ ‘ದ್ರವ್ಯಪರೀಕ್ಷಾ’ ಎಂಬ ಗ್ರಂಥವನ್ನು ರಚಿಸಿದ್ದನ್ನು ಇಲ್ಲಿ ಸ್ಮರಿಸಬಹುದು. ಅಂತಹ ಪರಂಪರೆಯುಳ್ಳವರು ಇಂದು ಪ್ರಕಟಿಸುವ ಚಿತ್ರಗಳಲ್ಲಿ ಹೊನ್ನು ಕಂದಾಗಿಯೂ ಬೆಳ್ಳಿ ಕಪ್ಪಾಗಿಯೂ ಕಾಣುತ್ತಿರುವುದು ಸರಿಯಲ್ಲ.

ಈ ದೋಷದ ಕಾರಣವನ್ನು ಅರಿಯಬೇಕಾದರೆ ಯಂತ್ರದ ರಚನೆಯನ್ನು ನೋಡಬೇಕು. ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ ದೀಪದ ಬೆಳಕು ಓರೆಯಾಗಿ ಬೀಳುತ್ತದೆ. ಸಂವೇದಕವು ನೇರವಾಗಿ ನೋಡುತ್ತದೆ. ಕಾಗದವು ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುವುದರಿಂದ ಅದರ ಬಣ್ಣ ಸರಿಯಾಗಿ ದಾಖಲಾಗುತ್ತದೆ. ಲೋಹವು ಕನ್ನಡಿಯ ಜಾತಿಯದು. ನಾಣ್ಯದ ಸಮತಲ ಭಾಗಕ್ಕೆ ತಗುಲಿದ ಬೆಳಕು ಎದುರು ಬದಿಗೆ ಹೊರಟುಹೋಗಿ ಸಂವೇದಕಕ್ಕೆ ಸಿಕ್ಕುವುದೇ ಇಲ್ಲ. ದೀಪದ ಕಡೆಗೆ ವಾಲಿದ ಅಕ್ಷರದ ಅಂಚುಗಳು ಮಾತ್ರ ಹೊಳೆಯುತ್ತವೆ. ಆದುದರಿಂದ ಹೊಳಪಿನ ನಾಣ್ಯ ಕಪ್ಪಾಗಿ ಕಾಣುವುದು ಯಂತ್ರದ ಕೆಡುಕಲ್ಲ, ಬೆಳಕಿನ ಕೋನದ ಫಲ. ಸವೆದ ತಾಮ್ರದ ಕಾಸು ಕಾಗದದ ಸ್ವಭಾವಕ್ಕೆ ಹತ್ತಿರವಾದುದರಿಂದ ಹೆಚ್ಚು ತೊಂದರೆ ಕೊಡುವುದಿಲ್ಲ.

ಸ್ಕ್ಯಾನರುಗಳಲ್ಲಿ ಎರಡು ಬಗೆ. ಕನ್ನಡಿ ಮತ್ತು ಮಸೂರವುಳ್ಳ ಸಿಸಿಡಿ ಬಗೆಯದು ಗಾಜಿನಿಂದ ತುಸು ಮೇಲಿರುವ ವಸ್ತುವನ್ನೂ ಸ್ಪಷ್ಟವಾಗಿ ಕಾಣಬಲ್ಲದು. ತೆಳುವಾದ, ಅಗ್ಗದ ಸಿಐಎಸ್ ಬಗೆಯದು ಗಾಜಿಗೆ ತಗುಲಿದುದನ್ನು ಮಾತ್ರ ಚೆನ್ನಾಗಿ ಗ್ರಹಿಸುತ್ತದೆ. ಇದರಲ್ಲಿ ಕೆಂಪು, ಹಸಿರು, ನೀಲಿ ದೀಪಗಳು ಒಂದಾದ ಮೇಲೊಂದು ಹೊತ್ತುವುದರಿಂದ ಹೊಳೆಯುವ ಅಂಚುಗಳಲ್ಲಿ ಕಾಮನಬಿಲ್ಲಿನಂಥ ಎಳೆಗಳು ತೋರುವುದೂ ಉಂಟು. ನಾಣ್ಯಗಳಿಗೆ ಮೊದಲನೆಯ ಬಗೆಯನ್ನೇ ಆರಿಸಬೇಕು.

ಬಣ್ಣ ಕೆಡಲು ಇನ್ನೊಂದು ಕಾರಣ ತಂತ್ರಾಂಶದ ಅತಿಬುದ್ಧಿ. ಮುಚ್ಚಳದ ಬಿಳುಪನ್ನು ಕಂಡೊಡನೆ ಅದು ಬೆಳಕಿನ ಪ್ರಮಾಣವನ್ನು ತಗ್ಗಿಸುತ್ತದೆ. ಕರಿಯ ಬಟ್ಟೆಯನ್ನು ಹೊದಿಸಿದರೆ ಏರಿಸಿ ನಾಣ್ಯವನ್ನು ಪೇಲವಗೊಳಿಸುತ್ತದೆ. ಸ್ವಯಂಚಾಲಿತ ತಿದ್ದುಪಡಿ, ಬಣ್ಣದ ಪುನರುಜ್ಜೀವನ, ಅಂಚಿನ ತೀಕ್ಷ್ಣಗೊಳಿಕೆ ಇವೆಲ್ಲವನ್ನೂ ನಿಲ್ಲಿಸಿ, ಹೊಳಪಿಲ್ಲದ ಬೂದು ಕಾಗದವನ್ನು ಹಿನ್ನೆಲೆಯಾಗಿಟ್ಟುಕೊಳ್ಳುವುದು ಕ್ಷೇಮ. ದೀಪ ಸ್ಥಿರಗೊಂಡ ಮೇಲೆ ಐಟಿ8 ವರ್ಣಫಲಕವನ್ನು ಸ್ಕ್ಯಾನ್ ಮಾಡಿ ಯಂತ್ರದ ಐಸಿಸಿ ಪ್ರೊಫೈಲನ್ನು ಸಿದ್ಧಪಡಿಸಿ, ಅದೇ ವ್ಯವಸ್ಥೆಯಲ್ಲಿ ನಾಣ್ಯವನ್ನು ಸ್ಕ್ಯಾನ್ ಮಾಡಬೇಕು. ಆದರೆ ಈ ಫಲಕವು ಕಾಗದ, ನಾಣ್ಯವು ಲೋಹ ಎಂಬುದನ್ನು ಮರೆಯಲಾಗದು. ಪ್ರೊಫೈಲು ಯಂತ್ರದ ಕಣ್ಣನ್ನು ತಿದ್ದುವುದೇ ಹೊರತು ಬೆಳಕಿನ ಕೋನವನ್ನಲ್ಲ. ಆದ್ದರಿಂದ ನಾಣ್ಯವನ್ನು ಕಾಲು ಸುತ್ತು ತಿರುಗಿಸಿ ಎರಡನೆಯ ಪ್ರತಿಬಿಂಬವನ್ನೂ ಪಡೆದು ಹೋಲಿಸಬೇಕು. ಎರಡರಲ್ಲಿಯೂ ಒಂದೇ ಆಗಿ ಉಳಿಯುವ ಛಾಯೆಯನ್ನು ನಂಬಬಹುದು. ಮಬ್ಬು-ಬೆಳಕಿನ ಪ್ರಮಾಣವನ್ನು ನಂಬಲಾಗದು. ಹೊಸದರಂತೆ ಥಳಥಳಿಸುವ ಚಿನ್ನಕ್ಕೆ ಮಾತ್ರ, ನನ್ನ ಅಭಿಪ್ರಾಯದಲ್ಲಿ, ಹರಡಿದ ಬೆಳಕಿನಲ್ಲಿ ತೆಗೆದ ಛಾಯಾಚಿತ್ರವೇ ಮೇಲು.

ಕಂಠೀರವ ಹಣದಂಥ ಪುಟ್ಟ ನಾಣ್ಯಕ್ಕೆ ಇಂಚಿಗೆ 1200 ಬಿಂದುಗಳಾದರೂ ಬೇಕು. 6 ಮಿಲಿಮೀಟರ್ ಅಗಲದ ನಾಣ್ಯವು ಆಗಲೂ ಸುಮಾರು 283 ಬಿಂದುಗಳಷ್ಟೇ ಅಗಲವಾಗುತ್ತದೆ; 300ಕ್ಕೆ ಇಳಿಸಿದರೆ 71ರಷ್ಟಾಗಿ ಮುದ್ರೆಯ ಓದು ಕಷ್ಟವಾದೀತು. ಮೂಲಪ್ರತಿಯನ್ನು ಟಿಫ್ ರೂಪದಲ್ಲಿ, ಯಾವ ತಿದ್ದುಪಡಿಯೂ ಇಲ್ಲದೆ ಉಳಿಸಿ, ಪ್ರಕಟಣೆಗೆ ಬೇರೊಂದು ಪ್ರತಿಯನ್ನು ಸಿದ್ಧಪಡಿಸಬೇಕು.

ಚಿತ್ರ ಚೆನ್ನಾಗಿ ಬರಲೆಂದು ನಾಣ್ಯವನ್ನು ಹುಣಿಸೆಹಣ್ಣಿನಿಂದ ಉಜ್ಜುವವರೂ ಇದ್ದಾರೆ! ಮಯಿಲಿ ಕಾಸಿನ ಮೇಲಿನ ಕಂದು ಹಸಿರು ಲೇಪವು ಕೊಳೆಯಲ್ಲ, ಅದರ ವಯಸ್ಸಿನ ಲಕ್ಷಣ. ಒಮ್ಮೆ ಹೋದರೆ ಯಾವ ಪ್ರೊಫೈಲೂ ಅದನ್ನು ಮರಳಿ ತಾರದು. ಮೆತ್ತನೆಯ ಒಣ ಕುಂಚದಿಂದ ಧೂಳನ್ನು ಸರಿಸಿದರೆ ಸಾಕು. ನಾಣ್ಯವನ್ನು ಅಂಚಿನಲ್ಲಿ ಹಿಡಿದು ಗಾಜಿನ ಮೇಲೆ ಇಡಬೇಕೇ ಹೊರತು ಜಾರಿಸಬಾರದು. ಸೂಚಿಯಲ್ಲಿ ತೂಕ ಮತ್ತು ವ್ಯಾಸಗಳ ಜೊತೆಗೆ ಯಂತ್ರದ ಬಗೆ, ಬಿಂದುಸಾಂದ್ರತೆ, ಬಳಸಿದ ಪ್ರೊಫೈಲು, ಬೆಳಕು ಬಂದ ದಿಕ್ಕು ಇವನ್ನೂ ನಮೂದಿಸಬೇಕು.