ಮನೆಯಲ್ಲೊಂದು ಕಾಕ್‌ಟೇಲ್ ಕೂಟ: ಚಕ್ಕೋತ, ನೀಲಿ ದ್ರಾಕ್ಷಿಯ ನಾಡಿನ ಉಪಚಾರ

ಕಾಕ್‌ಟೇಲ್ ಕೂಟವೆಂದರೆ ಸಂಜೆಯ ಎರಡು ಮೂರು ಗಂಟೆ, ಎಲೆ ಹಾಕಿ ಬಡಿಸುವ ಊಟವಿಲ್ಲದೆ, ಬೆರೆಸಿದ ಪಾನೀಯ ಮತ್ತು ಸಣ್ಣ ತಿಂಡಿಗಳ ಜೊತೆ ನಡೆಯುವ ಮಾತುಕತೆ. ಅದರ ಅಂದ ಇರುವುದು ದುಬಾರಿ ಬಾಟಲಿಗಳಲ್ಲಿ ಅಲ್ಲ. ಒಳ್ಳೆಯ ಹಣ್ಣು, ಸರಿಯಾದ ಅಳತೆ, ಮೊದಲೇ ಮುಗಿದ ತಯಾರಿ, ಬಂದವರೆಲ್ಲರಿಗೂ ಸಮಾನ ಮರ್ಯಾದೆ, ಇವೇ ಅದರ ಆಧಾರ.

ಈ ದೃಷ್ಟಿಯಿಂದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಮನೆಗಳಿಗೆ ಸಾಮಗ್ರಿಯ ಕೊರತೆ ಇಲ್ಲ. ಸುತ್ತಮುತ್ತ ದ್ರಾಕ್ಷಿ, ತರಕಾರಿ, ಹೂವು ಬೆಳೆಯುವ ನೆಲವಿದು. ದೇವನಹಳ್ಳಿ ಚಕ್ಕೋತ ಮತ್ತು ಬೆಂಗಳೂರು ನೀಲಿ ದ್ರಾಕ್ಷಿ, ಎರಡಕ್ಕೂ ಭೌಗೋಳಿಕ ಸೂಚಕ ಮಾನ್ಯತೆ ಇದೆ. ನಂದಿಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಗ್ರೋವರ್ ಜಾಂಪಾ ವೈನರಿಯ ದ್ರಾಕ್ಷಿ ತೋಟಗಳಿವೆ. ಪಾನೀಯದ ಪಟ್ಟಿಯನ್ನು ಊರಿನ ಹಣ್ಣಿನಿಂದಲೇ ಶುರುಮಾಡಬಹುದು.

ಚಕ್ಕೋತದ ರಸ ತೆಗೆಯಲು ತಾಳ್ಮೆ ಬೇಕು. ದಪ್ಪ ಸಿಪ್ಪೆಯನ್ನೂ ಅದರೊಳಗಿನ ಬಿಳಿ ಪದರವನ್ನೂ ಬಿಡಿಸಿ, ಒಂದೊಂದು ತೊಳೆಯ ಮೇಲಿನ ತೆಳು ಪೊರೆಯನ್ನು ಸುಲಿದು, ಬೀಜ ಹೆಕ್ಕಬೇಕು. ಉಳಿದ ಗುಲಾಬಿ ಬಣ್ಣದ ಎಸಳುಗಳನ್ನು ಜರಡಿಯ ಮೇಲೆ ಕೈಯಿಂದಲೇ ಹಿಚುಕಬೇಕು. ಎಲ್ಲವನ್ನೂ ಮಿಕ್ಸಿಗೆ ಹಾಕಿದರೆ ಪೊರೆ, ಬೀಜ ಅರೆದು ರಸ ಕಹಿಯಾಗುತ್ತದೆ. ನೀಲಿ ದ್ರಾಕ್ಷಿಯ ಬಣ್ಣ ಇರುವುದು ಸಿಪ್ಪೆಯಲ್ಲಿ. ಹಾಗಾಗಿ ಹಣ್ಣನ್ನು ಸಿಪ್ಪೆ ಸಮೇತ ಸಣ್ಣ ಉರಿಯಲ್ಲಿ ಬೇಯಿಸಿ, ಬೀಜ ಒಡೆಯದಂತೆ ಮೆಲ್ಲಗೆ ಹಿಚುಕಿ, ಬಟ್ಟೆಯಲ್ಲಿ ಸೋಸಿ ತಣ್ಣಗಿಡಬೇಕು.

ಹುಳಿ ಕಾಕ್‌ಟೇಲ್‌ಗೆ ಒಂದು ಸರಳ ಲೆಕ್ಕವಿದೆ: 60 ಮಿ.ಲೀ. ಮದ್ಯ, 30 ಮಿ.ಲೀ. ನಿಂಬೆರಸ, 20ರಿಂದ 30 ಮಿ.ಲೀ. ಸಕ್ಕರೆ ಪಾಕ. ಸಮಪ್ರಮಾಣದ ಸಕ್ಕರೆ ಮತ್ತು ನೀರನ್ನು ಕರಗುವವರೆಗೆ ಬಿಸಿ ಮಾಡಿದರೆ ಪಾಕ ಸಿದ್ಧ. ಚಕ್ಕೋತದ ಪಾನೀಯಕ್ಕೆ 45 ಮಿ.ಲೀ. ಜಿನ್, 90 ಮಿ.ಲೀ. ಚಕ್ಕೋತ ರಸ, ಒಂದು ಚಮಚ ಪಾಕ, ಲೋಟದ ಅಂಚಿಗೆ ಉಪ್ಪು ಸಾಕು. ಹಣ್ಣಿನ ರಸವಿದ್ದರೆ ಮಂಜುಗಡ್ಡೆಯೊಂದಿಗೆ ಮುಚ್ಚಿದ ಪಾತ್ರೆಯಲ್ಲಿ ಹತ್ತು ಹದಿನೈದು ಸೆಕೆಂಡು ಕುಲುಕಬೇಕು. ಬರೀ ಮದ್ಯಗಳ ಮಿಶ್ರಣವಾದರೆ ಚಮಚದಿಂದ ಕಲಕಬೇಕು. ಸೋಡಾ ಯಾವಾಗಲೂ ಕೊನೆಗೆ, ಕುಲುಕಿದ ಮೇಲೆ.

ಹತ್ತಾರು ಮಂದಿ ಬರುವಾಗ ಒಬ್ಬೊಬ್ಬರಿಗೂ ಬೇರೆ ಬೇರೆ ಬೆರೆಸಿ ಕೊಡಲು ಹೋದರೆ ಮನೆಯವರು ಅಡುಗೆಮನೆಯಲ್ಲೇ ಉಳಿಯುತ್ತಾರೆ. ದೊಡ್ಡ ಪಾತ್ರೆಯಲ್ಲಿ ಒಟ್ಟಿಗೆ ಬೆರೆಸಿಡುವ ಪಂಚ್ ಇದಕ್ಕೆ ಹಳೆಯ ಪರಿಹಾರ. 17ನೇ ಶತಮಾನದಲ್ಲಿ ಭಾರತಕ್ಕೆ ಬಂದ ಇಂಗ್ಲಿಷ್ ವರ್ತಕರು ಇದನ್ನು ಕುಡಿಯುತ್ತಿದ್ದರು. ಇಲ್ಲಿಂದ ಅದು ಯುರೋಪಿನ ಮನೆಗಳಿಗೆ ಹರಡಿತು. ಮದ್ಯ, ಹಣ್ಣಿನ ರಸ, ಪಾಕವನ್ನು ಮಧ್ಯಾಹ್ನವೇ ಬೆರೆಸಿ ಫ್ರಿಜ್‌ನಲ್ಲಿಟ್ಟು, ಸಂಜೆ ಮಂಜುಗಡ್ಡೆ, ಸೋಡಾ ಸೇರಿಸಿದರಾಯಿತು. ಎರಡು ಬಗೆಯ ಕಾಕ್‌ಟೇಲ್, ಒಂದು ವೈನ್, ಮದ್ಯವಿಲ್ಲದ ಎರಡು ಪಾನೀಯ ಇದ್ದರೆ ಮನೆಯ ಕೂಟಕ್ಕೆ ಧಾರಾಳ.

ಖರೀದಿಗೆ ಮೊದಲು ಲೆಕ್ಕ ಹಾಕಬೇಕು. 750 ಮಿ.ಲೀ. ಬಾಟಲಿಯಲ್ಲಿ 30 ಮಿ.ಲೀ.ನ 25 ಸ್ಮಾಲ್ ಪೆಗ್ ಬರುತ್ತದೆ. ಅಷ್ಟೇ ವೈನ್ ಐದು ಲೋಟಕ್ಕೆ ಆಗುತ್ತದೆ. ಹೆಚ್ಚಾಗಿ ಬೇಕಾಗುವುದು ಮಂಜುಗಡ್ಡೆ: ತಲೆಗೆ ಅರ್ಧದಿಂದ ಒಂದು ಕಿಲೋ. ದೊಡ್ಡ ತುಂಡು ನಿಧಾನವಾಗಿ ಕರಗುವುದರಿಂದ ಪಾನೀಯ ಬೇಗ ನೀರಾಗುವುದಿಲ್ಲ.

ಮದ್ಯ ಮುಟ್ಟದವರನ್ನು ಬಾಟಲಿ ಕೋಲಾ ಕೊಟ್ಟು ಮೂಲೆಗೆ ಕೂರಿಸುವುದು ಉಪಚಾರವಲ್ಲ. ನೀಲಿ ದ್ರಾಕ್ಷಿ ರಸಕ್ಕೆ ಸೋಡಾ, ನಿಂಬೆ. ಚಕ್ಕೋತಕ್ಕೆ ಪುದೀನ, ಉಪ್ಪು, ಚಿಟಿಕೆ ಮೆಣಸು. ಇವನ್ನೂ ಅದೇ ಲೋಟದಲ್ಲಿ, ಅದೇ ಅಲಂಕಾರದಲ್ಲಿ ಕೊಡಬೇಕು. ಯಾಕೆ ಕುಡಿಯುವುದಿಲ್ಲ ಎಂದು ಯಾರನ್ನೂ ಕೇಳಬಾರದು, ಒತ್ತಾಯವಂತೂ ಸಲ್ಲದು. ಇನ್ನೊಂದು ಎಚ್ಚರಿಕೆ: ಕೊಲೆಸ್ಟರಾಲ್ ಮತ್ತು ರಕ್ತದೊತ್ತಡದ ಕೆಲವು ಮಾತ್ರೆಗಳ ಪರಿಣಾಮವನ್ನು ಚಕ್ಕೋತ ಏರುಪೇರು ಮಾಡಬಲ್ಲದು. ಆದ್ದರಿಂದ ಪಾನೀಯದಲ್ಲಿ ಏನಿದೆ ಎಂಬ ಸಣ್ಣ ಚೀಟಿ ಮೇಜಿನ ಮೇಲಿರಲಿ.

ಖಾಲಿ ಹೊಟ್ಟೆಗೆ ಮದ್ಯ ಬೇಗ ಏರುತ್ತದೆ. ಹಾಗಾಗಿ ನಂಜಿಕೊಳ್ಳುವ ತಿಂಡಿ ಮೊದಲ ಲೋಟದ ಜೊತೆಗೇ ಬರಬೇಕು. ಈರುಳ್ಳಿ, ಟೊಮೆಟೊ, ಕ್ಯಾರೆಟ್ ತುರಿ ಹಾಕಿದ ಮಸಾಲೆ ನಿಪ್ಪಟ್ಟು, ಕೋಡುಬಳೆ, ಕಾಂಗ್ರೆಸ್ ಕಡಲೆಬೀಜ, ಆಂಬೊಡೆ, ಸಣ್ಣ ಬಟ್ಟಲಲ್ಲಿ ಕೋಸಂಬರಿ, ಚಳಿಗಾಲದಲ್ಲಿ ಹುರಿದ ಅವರೆಬೇಳೆ, ಮಾಂಸ ತಿನ್ನುವವರಿಗೆ ನಾಟಿಕೋಳಿ ಫ್ರೈ, ಎಲ್ಲವೂ ಒಂದೇ ಕೈಯಲ್ಲಿ ಹಿಡಿದು ತಿನ್ನುವಂಥವು. ಒಣ ತಿಂಡಿ ಹಿಂದಿನ ದಿನವೇ ತಯಾರಾಗಲಿ. ಬಿಸಿಯಾದದ್ದು ಒಂದೆರಡೇ ಇರಲಿ. ಕುಡಿಯುವ ನೀರು ಎಲ್ಲರ ಕೈಗೆಟುಕುವಂತಿರಬೇಕು.

ಪಾನೀಯ, ತಿಂಡಿಗಳನ್ನು ಬೇರೆ ಬೇರೆ ಮೇಜಿನ ಮೇಲಿಟ್ಟರೆ ನೂಕುನುಗ್ಗಲು ಆಗುವುದಿಲ್ಲ, ಜನ ಓಡಾಡಿ ಪರಿಚಯ ಮಾಡಿಕೊಳ್ಳುತ್ತಾರೆ. ಹಿರಿಯರಿಗೆ ಕುರ್ಚಿ ಇರಲೇಬೇಕು. ಹಾಡಿನ ಸದ್ದು ಮಾತಿಗಿಂತ ತಗ್ಗಿರಲಿ. ಆಹ್ವಾನದಲ್ಲೇ ಮುಗಿಯುವ ಹೊತ್ತನ್ನೂ ತಿಳಿಸುವುದು ಒಳ್ಳೆಯದು.

ಕಾನೂನಿನ ವಿಷಯದಲ್ಲಿ ಸಡಿಲಿಕೆ ಬೇಡ. ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಮದ್ಯಕ್ಕೆ ಅಬಕಾರಿ ನಿಯಮದಲ್ಲಿ ಮಿತಿ ಇದೆ. ದೊಡ್ಡ ಕೂಟಕ್ಕೆ ಇಲಾಖೆಯಲ್ಲಿ ವಿಚಾರಿಸಿ ಸಾಂದರ್ಭಿಕ ಪರವಾನಗಿ ಪಡೆಯಬೇಕು. ವಯಸ್ಸು 21 ತುಂಬದವರಿಗೆ ಮದ್ಯ ಕೊಡಬಾರದು. ನಮ್ಮಲ್ಲಿ ಮಾರುವ ವಿಸ್ಕಿ, ರಮ್ ಸಾಮಾನ್ಯವಾಗಿ ಶೇ. 42.8 ಆಲ್ಕೋಹಾಲ್ ಇರುವಂಥವು. ಒಂದು ಸ್ಮಾಲ್ ಪೆಗ್‌ನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅದು ದೇಹದಿಂದ ಹೋಗಲು ಹೆಚ್ಚುಕಡಿಮೆ ಒಂದು ಗಂಟೆಯೋ ಇನ್ನೂ ಹೆಚ್ಚೋ ಬೇಕು. ಕಾಫಿಯಾಗಲಿ ತಣ್ಣೀರ ಸ್ನಾನವಾಗಲಿ ಅದನ್ನು ಬೇಗ ಮಾಡಲಾರವು. 100 ಮಿ.ಲೀ. ರಕ್ತದಲ್ಲಿ ಆಲ್ಕೋಹಾಲ್ 30 ಮಿ.ಗ್ರಾಂ. ಮೀರಿದವರು ವಾಹನ ಓಡಿಸಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು. ಆದ್ದರಿಂದ ಕೊನೆಯ ಅರ್ಧ ಗಂಟೆ ಮದ್ಯ ನಿಲ್ಲಿಸಿ ತಿಂಡಿ, ಮಜ್ಜಿಗೆ ಕೊಡುವುದು, ಕುಡಿಯದವರೊಬ್ಬರ ಗಾಡಿಯನ್ನೋ ಬಾಡಿಗೆ ಕಾರನ್ನೋ ಮೊದಲೇ ಗೊತ್ತುಮಾಡುವುದು, ದೂರದವರಿಗೆ ಮನೆಯಲ್ಲೇ ಹಾಸಿಗೆ ಹಾಸುವುದು ಕೂಟ ನಡೆಸುವವರದೇ ಜವಾಬ್ದಾರಿ.