ಆಟದ ಸಾಮಾನಿನ ಅಂಗಡಿ: ಕೆಲಸಕ್ಕೆ ಯಾರು, ಬಂಡವಾಳ ಎಲ್ಲಿಂದ?

ಪಿಯುಸಿ ಆದ ಮೇಲೆ ಏನು ಮಾಡುತ್ತೀಯ ಎಂದು ವಾಣಿಜ್ಯ ವಿಭಾಗದಲ್ಲಿ ಕೇಳಿದರೆ ‘ಒಂದು ಅಂಗಡಿ ಹಾಕ್ತೀನಿ’ ಎನ್ನುವವರು ಕೆಲವರಾದರೂ ಸಿಗುತ್ತಾರೆ. ಅವರಲ್ಲಿ ಆಟದ ಹುಚ್ಚು ಇರುವವರ ಕನಸು ಆಟದ ಸಾಮಾನಿನ ಅಂಗಡಿ. ಬ್ಯಾಟು, ಬಾಲು, ಶೂ, ಜೆರ್ಸಿ, ಟ್ರೋಫಿ ಎಲ್ಲ ಒಂದೇ ಕಡೆ ಸಿಗುವ ಅಂಗಡಿ. ಕನಸು ಒಳ್ಳೆಯದೇ. ಆದರೆ ಅದಕ್ಕೆ ಹೋಗುವುದು ಹೆಚ್ಚಿನ ಮನೆಗಳಲ್ಲಿ ತಂದೆಯ ಉಳಿತಾಯ, ಇಲ್ಲವೇ ತಾಯಿಯ ಒಡವೆ. ಆದ್ದರಿಂದ ಲೆಕ್ಕ ಹಾಕದೆ ಬಾಗಿಲು ತೆರೆಯುವಂತಿಲ್ಲ.

ನಮ್ಮ ವ್ಯವಹಾರ ಅಧ್ಯಯನ ಪುಸ್ತಕದಲ್ಲಿ ಸಿಬ್ಬಂದಿ ನೇಮಕಾತಿ ಒಂದು ಅಧ್ಯಾಯ, ಹಣಕಾಸು ನಿರ್ವಹಣೆ ಇನ್ನೊಂದು ಅಧ್ಯಾಯ. ಪರೀಕ್ಷೆಯಲ್ಲಿಯೂ ಬೇರೆ ಬೇರೆ ಪ್ರಶ್ನೆ. ಸಣ್ಣ ಅಂಗಡಿಯಲ್ಲಿ ಮಾತ್ರ ಇವೆರಡೂ ಒಂದೇ ಪ್ರಶ್ನೆ. ಹುಡುಗನ ಸಂಬಳ, ಬ್ಯಾಂಕಿನ ಕಂತು ಎರಡೂ ಒಂದೇ ಗಲ್ಲಾದಿಂದ ಹೋಗಬೇಕು. ವ್ಯಾಪಾರ ಆಗಲಿ, ಬಿಡಲಿ, ತಿಂಗಳು ಮುಗಿದರೆ ಕೊಡಲೇಬೇಕು. ಈ ಒಂದು ಮಾತನ್ನು ಹಿಡಿದುಕೊಂಡು ಮುಂದೆ ಹೋಗೋಣ.

ಮೊದಲು ಗಿರಾಕಿ ಯಾರು?

ನಮ್ಮ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕು ಸೇರುತ್ತವೆ. ಇಲ್ಲಿ ಅಂಗಡಿ ಹಾಕಿದರೆ ಬರುವ ಗಿರಾಕಿಗಳು ಮೂರು ಬಗೆ.

ಮೊದಲನೆಯವರು ಬಲಸಮುದ್ರದಂಥ ಊರುಗಳ ಹುಡುಗರು. ಟೆನಿಸ್ ಬಾಲ್, ಅದಕ್ಕೆ ತಕ್ಕ ಬ್ಯಾಟ್, ವಾಲಿಬಾಲ್, ಶಟಲ್, ಕೇರಂ ಇವರಿಗೆ ಬೇಕು. ಇವರ ಖರೀದಿ ಏಪ್ರಿಲ್–ಮೇ ರಜೆಯಲ್ಲಿ ಜೋರು, ಫೆಬ್ರುವರಿ–ಮಾರ್ಚ್ ಪರೀಕ್ಷೆಯಲ್ಲಿ ತಣ್ಣಗೆ. ಮಳೆಯಾಗಿ ಕಡಲೆಕಾಯಿ ಬೆಳೆ ಕೈಗೆ ಬಂದ ವರ್ಷ ಬೇರೆ, ಬಾರದ ವರ್ಷ ಬೇರೆ.

ಎರಡನೆಯದು ಶಾಲೆ, ಕಾಲೇಜುಗಳು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ಕ್ರೀಡಾ ಸಾಮಗ್ರಿಗೆಂದೇ ವರ್ಷಕ್ಕೆ ಅನುದಾನ ಇದೆ: ಕಿರಿಯ ಪ್ರಾಥಮಿಕಕ್ಕೆ 5,000 ರೂಪಾಯಿ, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆ ಮತ್ತು ಪದವಿಪೂರ್ವಕ್ಕೆ 25,000ದವರೆಗೆ. ಇವರು ಒಟ್ಟಿಗೆ ಕೊಳ್ಳುತ್ತಾರೆ, ಆದರೆ ಸರಿಯಾದ ಬಿಲ್ ಕೇಳುತ್ತಾರೆ. ಹಣ ಅನುದಾನ ಬಿಡುಗಡೆಯಾದ ಮೇಲೆ ಬರುತ್ತದೆ.

ಮೂರನೆಯದು ಟೂರ್ನಮೆಂಟ್ ನಡೆಸುವ ಸಂಘಗಳು. ಟ್ರೋಫಿ, ಜೆರ್ಸಿ, ಹೆಸರು–ನಂಬರ್ ಪ್ರಿಂಟ್ ಇವರಿಗೆ ಬೇಕು. ನಾಳೆ ಬೇಕು ಎಂದು ಇವತ್ತು ಬರುವವರು ಇವರೇ.

ಸಾಮಾನು ಬರುವುದು ಬಹು ದೂರದಿಂದ. ದೇಶದ ಕ್ರೀಡಾ ಸಾಮಗ್ರಿ ತಯಾರಿಕೆಯ ಎರಡು ದೊಡ್ಡ ಕೇಂದ್ರಗಳು ಪಂಜಾಬಿನ ಜಲಂಧರ್ ಮತ್ತು ಉತ್ತರ ಪ್ರದೇಶದ ಮೀರತ್. 1947ರ ವಿಭಜನೆಯಲ್ಲಿ ಸಿಯಾಲ್‌ಕೋಟ್ ಬಿಟ್ಟು ಬಂದ ಕುಶಲಕರ್ಮಿಗಳು ಈ ಕಸುಬನ್ನು ಅಲ್ಲಿ ಬೆಳೆಸಿದರು. ಕಾಶ್ಮೀರಿ ವಿಲೋ ಬ್ಯಾಟ್‌ಗಳು ಅನಂತನಾಗ್ ಜಿಲ್ಲೆಯ ಕಡೆಯಿಂದ ಬರುತ್ತವೆ. ನಮ್ಮೂರಿನ ಸಣ್ಣ ಅಂಗಡಿ ನೇರವಾಗಿ ಅಲ್ಲಿಂದ ತರಿಸುವುದು ಕಷ್ಟ, ತುಮಕೂರು ಅಥವಾ ಬೆಂಗಳೂರಿನ ಸಗಟು ವ್ಯಾಪಾರಿಯೇ ಗತಿ. ಆತ ಮೊದಮೊದಲು ನಗದು ಕೇಳುತ್ತಾನೆ. ಶಾಲೆಯಿಂದ ಹಣ ಬರುವುದು ತಡ, ಸಗಟು ವ್ಯಾಪಾರಿಗೆ ಕೊಡುವುದು ಬೇಗ. ಈ ನಡುವಿನ ಅಂತರವನ್ನು ತುಂಬುವುದೇ ಪುಸ್ತಕದಲ್ಲಿ ನಾವು ಓದುವ ದುಡಿಯುವ ಬಂಡವಾಳ.

ಎಷ್ಟು ಹಣ ಬೇಕು?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕ ಕಲಿಯಲು ಇಟ್ಟುಕೊಂಡವು. ನಿಮ್ಮ ಊರಿನ ಬಾಡಿಗೆ, ಬೆಲೆ ವಿಚಾರಿಸಿ ಬದಲಿಸಿಕೊಳ್ಳಿ.

ಮಳಿಗೆಯ ಅಡ್ವಾನ್ಸ್: 60,000
ರ‍್ಯಾಕ್, ಬೋರ್ಡ್, ಲೈಟು: 70,000
ಮೊದಲ ಸ್ಟಾಕ್: 2,00,000
ಪರವಾನಗಿ, ಕಾಗದಪತ್ರ: 10,000
ಕೈಯಲ್ಲಿ ಉಳಿಸುವ ಹಣ: 60,000
ಒಟ್ಟು: 4,00,000

ಕೊನೆಯ 60,000 ರೂಪಾಯಿಯನ್ನೂ ಸ್ಟಾಕಿಗೆ ಹಾಕಿಬಿಡಬೇಕು ಅನ್ನಿಸುತ್ತದೆ. ಅಂಗಡಿ ತುಂಬಿದಂತೆ ಕಾಣುತ್ತದೆ ನಿಜ. ಆದರೆ ವ್ಯಾಪಾರ ಕುದುರುವ ತನಕ ಬಾಡಿಗೆ, ಕಂತು ಕಟ್ಟುವುದು ಈ ಹಣದಿಂದಲೇ. ಅದನ್ನು ಮುಟ್ಟಬಾರದು.

ಈಗ ತಿಂಗಳ ಖರ್ಚು. ಬಾಡಿಗೆ 6,000, ಕರೆಂಟು–ಫೋನು 1,500, ಸಾಮಾನು ತರುವ ಖರ್ಚು 1,500. ಸೇರಿ 9,000. ಬಂಡವಾಳದಲ್ಲಿ ಅರ್ಧ, ಅಂದರೆ 2 ಲಕ್ಷ, ಸಾಲ ಎಂದುಕೊಂಡರೆ ಶೇ 10.5ರ ಬಡ್ಡಿಯಲ್ಲಿ 3 ವರ್ಷಕ್ಕೆ ತಿಂಗಳ ಕಂತು ಸುಮಾರು 6,500. ಪೂರ್ತಿ ದಿನದ ಒಬ್ಬ ಸಹಾಯಕನಿಗೆ 15,000. ನೂರು ರೂಪಾಯಿ ವ್ಯಾಪಾರಕ್ಕೆ 25 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 26 ದಿನ ಅಂಗಡಿ ತೆರೆದರೆ, ನಷ್ಟವಿಲ್ಲದೆ ನಿಲ್ಲಲು ಬೇಕಾದ ವ್ಯಾಪಾರ ಹೀಗೆ:

ಸಾಲವೂ ಇಲ್ಲ, ಸಹಾಯಕನೂ ಇಲ್ಲ: ಖರ್ಚು 9,000, ವ್ಯಾಪಾರ 36,000, ದಿನಕ್ಕೆ ಸುಮಾರು 1,400.
ಸಾಲ ಇದೆ, ಸಹಾಯಕನಿಲ್ಲ: ಖರ್ಚು 15,500, ವ್ಯಾಪಾರ 62,000, ದಿನಕ್ಕೆ ಸುಮಾರು 2,400.
ಸಾಲ ಇಲ್ಲ, ಸಹಾಯಕನಿದ್ದಾನೆ: ಖರ್ಚು 24,000, ವ್ಯಾಪಾರ 96,000, ದಿನಕ್ಕೆ ಸುಮಾರು 3,700.
ಎರಡೂ ಇವೆ: ಖರ್ಚು 30,500, ವ್ಯಾಪಾರ 1,22,000, ದಿನಕ್ಕೆ ಸುಮಾರು 4,700.

ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಮೂರು ಪಟ್ಟಿಗಿಂತ ಹೆಚ್ಚು ಅಂತರ ಇದೆ. ಅಂಗಡಿ ಅದೇ, ರಸ್ತೆ ಅದೇ, ಗಿರಾಕಿಗಳೂ ಅವರೇ. ಇನ್ನೊಂದು ಮಾತು: ಈ ಯಾವ ಲೆಕ್ಕದಲ್ಲೂ ಮಾಲೀಕನ ಮನೆಖರ್ಚು ಸೇರಿಲ್ಲ. ತಿಂಗಳಿಗೆ 12,000 ಮನೆಗೆ ಒಯ್ಯಬೇಕೆಂದರೆ ಪ್ರತಿ ಸಾಲಿಗೂ ಇನ್ನೂ 48,000 ವ್ಯಾಪಾರ ಸೇರಿಸಿ. ಇದನ್ನು ಬಿಟ್ಟು ಲೆಕ್ಕ ಹಾಕಿದವರು ‘ವ್ಯಾಪಾರ ಚೆನ್ನಾಗಿದೆ, ಕೈಯಲ್ಲಿ ಕಾಸಿಲ್ಲ’ ಎನ್ನುತ್ತಿರುತ್ತಾರೆ.

ಈ ಲೆಕ್ಕವನ್ನು ಮೇ ತಿಂಗಳ ವ್ಯಾಪಾರಕ್ಕೆ ಹೋಲಿಸಿ ನೋಡಬೇಡಿ, ಮಾರ್ಚ್ ತಿಂಗಳ ವ್ಯಾಪಾರಕ್ಕೆ ಹೋಲಿಸಿ ನೋಡಿ. ಮಂದ ತಿಂಗಳಲ್ಲಿ ಕಟ್ಟಲು ಆಗುವಷ್ಟೇ ಕಂತು, ಕೊಡಲು ಆಗುವಷ್ಟೇ ಸಂಬಳ ಒಪ್ಪಿಕೊಳ್ಳಬೇಕು.

ಹಣ ಎಲ್ಲಿಂದ?

ಮನೆಯ ಹಣ: ಬಡ್ಡಿಯಿಲ್ಲ, ಅವಸರವಿಲ್ಲ. ಆದರೂ ಅಣ್ಣ ಎಷ್ಟು ಕೊಟ್ಟ, ಮಾಮ ಎಷ್ಟು ಕೊಟ್ಟರು, ಅದು ಕೈಸಾಲವೋ ಪಾಲೋ ಎಂದು ಮೊದಲ ದಿನವೇ ಬರೆದಿಡಿ. ನಂಬಿಕೆ ಇಲ್ಲವೆಂದು ಬರೆಯುವುದಲ್ಲ, ನಂಬಿಕೆ ಉಳಿಯಲಿ ಎಂದು ಬರೆಯುವುದು.

ಪಾಲುದಾರಿಕೆ: ಇಬ್ಬರು ಗೆಳೆಯರು ಸೇರಿದರೆ ಸಾಲದ ಭಾರವೂ ಇಳಿಯುತ್ತದೆ, ಸಹಾಯಕನ ಅಗತ್ಯವೂ ಇಳಿಯುತ್ತದೆ. ಆದರೆ 1932ರ ಪಾಲುದಾರಿಕೆ ಕಾಯ್ದೆ ಏನು ಹೇಳುತ್ತದೆ ಎಂಬುದು ನೆನಪಿರಲಿ, ಲೆಕ್ಕಶಾಸ್ತ್ರದಲ್ಲಿ ಓದಿದ್ದೇವೆ. ಒಪ್ಪಂದದಲ್ಲಿ ಬೇರೆ ಹೇಳದಿದ್ದರೆ ಲಾಭ–ನಷ್ಟ ಸಮಪಾಲು. ದಿನವಿಡೀ ಅಂಗಡಿಯಲ್ಲಿ ಕೂರುವವನಿಗೂ ಸಂಬಳವಿಲ್ಲ. ಒಬ್ಬ ಹಣ ಹಾಕಿ, ಇನ್ನೊಬ್ಬ ದುಡಿಯುವುದಾದರೆ ಅದನ್ನು ಪತ್ರದಲ್ಲಿ ಬರೆಯದೆ ಬೇರೆ ದಾರಿ ಇಲ್ಲ. ಅಂಗಡಿಯ ಸಾಲಕ್ಕೆ ಪ್ರತಿ ಪಾಲುದಾರನ ಸ್ವಂತ ಆಸ್ತಿಯೂ ಹೊಣೆ. ನೋಂದಣಿ ಕಡ್ಡಾಯವಲ್ಲ, ಆದರೆ ನೋಂದಣಿಯಾಗದ ಸಂಸ್ಥೆಗೆ ಬಾಕಿ ವಸೂಲಿಗೆ ಕೋರ್ಟಿಗೆ ಹೋಗುವುದು ಕಷ್ಟ.

ಬಡ್ಡಿ ಬೇಡ ಎನ್ನುವ ಮನೆಗಳಲ್ಲಿ ಮುದಾರಬಾ, ಮುಶಾರಕಾ ಎಂಬ ಹೆಸರುಗಳನ್ನು ಕೇಳಿರುತ್ತೀರಿ. ಮುದಾರಬಾದಲ್ಲಿ ಒಬ್ಬರದು ಹಣ, ಇನ್ನೊಬ್ಬರದು ದುಡಿಮೆ. ಲಾಭವನ್ನು ಮೊದಲೇ ಒಪ್ಪಿದ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಾರೆ. ದುಡಿಯುವವನ ನಿರ್ಲಕ್ಷ್ಯವಿಲ್ಲದೆ ನಷ್ಟವಾದರೆ ಹಣ ಹೋಗುವುದು ಹಣ ಹಾಕಿದವರದು, ದುಡಿದವನದು ಶ್ರಮ. ಮುಶಾರಕಾದಲ್ಲಿ ಎಲ್ಲರೂ ಹಣ ಹಾಕುತ್ತಾರೆ, ನಷ್ಟ ಬಂಡವಾಳದ ಪ್ರಮಾಣದಲ್ಲಿ ಬೀಳುತ್ತದೆ. ಎರಡರಲ್ಲೂ ‘ತಿಂಗಳಿಗೆ ಇಷ್ಟು ಲಾಭ ಗ್ಯಾರಂಟಿ’ ಎಂಬ ಮಾತಿಗೆ ಜಾಗವಿಲ್ಲ. ಸಣ್ಣ ಅಂಗಡಿಗೆ ಇದು ಹೊಂದುತ್ತದೆ, ಏಕೆಂದರೆ ಮಂದ ತಿಂಗಳಲ್ಲಿ ಕಂತಿನ ಕಾಟ ಇರುವುದಿಲ್ಲ. ಕಾನೂನಿನ ಕಣ್ಣಿಗೆ ಇದು ಪಾಲುದಾರಿಕೆಯಾದರೆ ಮೇಲೆ ಹೇಳಿದ ಹೊಣೆಯೂ ಬರುತ್ತದೆ.

ಬ್ಯಾಂಕ್ ಸಾಲ: 2015ರ ಏಪ್ರಿಲ್ 8ರಂದು ಶುರುವಾದ ಪ್ರಧಾನಮಂತ್ರಿ ಮುದ್ರಾ ಯೋಜನೆಯಲ್ಲಿ ಅಡಮಾನವಿಲ್ಲದೆ ಸಾಲ ಸಿಗುತ್ತದೆ. 50,000ದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ್, 10 ಲಕ್ಷದವರೆಗೆ ತರುಣ್. ನಮ್ಮ ಉದಾಹರಣೆಯ 2 ಲಕ್ಷ ಕಿಶೋರ್‌ಗೆ ಸೇರುತ್ತದೆ. ಉದ್ಯಮ್ ನೋಂದಣಿ ಉಚಿತ, ಮಾಡಿಸಿಕೊಂಡು ಹೋಗಿ. 1986ರಲ್ಲಿ ಸ್ಥಾಪನೆಯಾದ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ಸ್ವಯಂ ಉದ್ಯೋಗಕ್ಕೆ ಸಾಲ, ಸಹಾಯಧನದ ಯೋಜನೆಗಳಿವೆ. ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಗೆಳೆಯರಿಗೂ ಅವರವರ ನಿಗಮಗಳಿವೆ. ಆ ವರ್ಷದ ಪ್ರಕಟಣೆ ನೋಡಿ ಅರ್ಜಿ ಹಾಕಬೇಕು. ಸಹಾಯಧನ ಬಂದೇ ಬರುತ್ತದೆಂದು ನಂಬಿ ಮಳಿಗೆಗೆ ಅಡ್ವಾನ್ಸ್ ಕೊಡಬೇಡಿ.

18 ತುಂಬದವರು ಸಾಲಪತ್ರಕ್ಕೆ ಸಹಿ ಹಾಕಿದರೂ ಅದು ಕಾನೂನಿನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ನಮ್ಮಲ್ಲಿ ಹೆಚ್ಚಿನವರಿಗೆ ಇದು ಈಗ ಓದಿಟ್ಟುಕೊಳ್ಳುವ ವಿಷಯ.

ಯಾವ ಹಣ ಬೇಡ?

ದಿನಬಡ್ಡಿ, ಮೀಟರ್ ಬಡ್ಡಿ, ಮೊಬೈಲ್ ಆ್ಯಪಿನ ದಿಢೀರ್ ಸಾಲ ಬೇಡ. ಅವು ಮಾರ್ಚ್ ತಿಂಗಳನ್ನು ನೋಡಿ ಕಾಯುವುದಿಲ್ಲ.

ಇನ್ನೊಂದು ಬೇಡದ ದಾರಿ, ಗುರುತು–ಪರಿಚಯದವರಿಂದೆಲ್ಲ ‘ಲಾಭ ಕೊಡುತ್ತೇನೆ’ ಎಂದು ಹಣ ಎತ್ತುವುದು. ಬಡ್ಡಿಯಿಲ್ಲದ ಲಾಭಾಂಶದ ಹೆಸರಿನಲ್ಲಿ ಹಣ ಸಂಗ್ರಹಿಸಿದ್ದ ಬೆಂಗಳೂರಿನ ಐಎಂಎ ಸಂಸ್ಥೆ 2019ರ ಜೂನ್‌ನಲ್ಲಿ ಕುಸಿದಾಗ ಸಾವಿರಾರು ಕುಟುಂಬಗಳ ಉಳಿತಾಯ ಮುಳುಗಿತು. ಅದೇ ವರ್ಷ ಬಂದ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯಂತೆ, ಅನುಮತಿಯಿಲ್ಲದೆ ಸಾರ್ವಜನಿಕರಿಂದ ಠೇವಣಿ ಪಡೆಯುವ ವ್ಯವಹಾರ ಅಪರಾಧ. ಬಂಧುಗಳ ಸಾಲ, ಪಾಲುದಾರರ ಬಂಡವಾಳಕ್ಕೆ ಅಡ್ಡಿಯಿಲ್ಲ. ಲೆಕ್ಕದ ಪುಸ್ತಕ ತೆರೆದು ತೋರಿಸಲು ಆಗುವಷ್ಟು ಜನರನ್ನು ಮಾತ್ರ ಸೇರಿಸಿಕೊಳ್ಳಿ.

ಕೆಲಸಕ್ಕೆ ಯಾರು?

ಮೊದಲ ವರ್ಷ ಮಾಲೀಕನೇ ಕೂರಬೇಕು. ಯಾವ ಸಾಮಾನು ಓಡುತ್ತದೆ, ಯಾವುದು ಧೂಳು ಹಿಡಿಯುತ್ತದೆ ಎಂಬುದು ಕೌಂಟರಿನಲ್ಲಿ ನಿಂತವರಿಗೆ ಮಾತ್ರ ಗೊತ್ತಾಗುತ್ತದೆ. ಏಪ್ರಿಲ್–ಮೇಯಲ್ಲಿ, ಶಾಲಾ ಕ್ರೀಡಾಕೂಟಗಳ ಹೊತ್ತಿನಲ್ಲಿ ಮಾತ್ರ ಅರೆಕಾಲಿಕ ಸಹಾಯಕ ಸಾಕು. ಮಂದ ತಿಂಗಳೂ ಸೇರಿ ಆರು ತಿಂಗಳ ವ್ಯಾಪಾರ ಮೇಲಿನ ಲೆಕ್ಕದ ಸಹಾಯಕನ ಸಾಲನ್ನು ದಾಟಿದರೆ ಪೂರ್ಣಾವಧಿಗೆ ನೇಮಿಸಿಕೊಳ್ಳಿ.

ನೇಮಿಸುವಾಗ ಆಟ ಗೊತ್ತಿರುವವರನ್ನೇ ಹುಡುಕಿ. ದೈಹಿಕ ಶಿಕ್ಷಣ ಶಿಕ್ಷಕರು ಬಂದು 18ರೊಳಗಿನವರ ಶಾಟ್‌ಪುಟ್ ಕೊಡಿ ಎಂದರೆ ಹುಡುಗರಿಗೆ 5 ಕೆಜಿ, ಹುಡುಗಿಯರಿಗೆ 3 ಕೆಜಿ ಎಂದು ಗೊತ್ತಿರಬೇಕು. ಅದೇ ವಯಸ್ಸಿಗೆ ಜಾವೆಲಿನ್ 700 ಗ್ರಾಂ ಮತ್ತು 500 ಗ್ರಾಂ. 12 ದಾಟಿದವರ ಫುಟ್‌ಬಾಲ್ 5ನೇ ಸೈಜು. ವಾಲಿಬಾಲ್ ನೆಟ್ಟಿನ ಎತ್ತರ ಪುರುಷರಿಗೆ 2.43 ಮೀಟರ್, ಮಹಿಳೆಯರಿಗೆ 2.24. ತಪ್ಪು ತೂಕದ ಗುಂಡು ಕೊಟ್ಟರೆ ಆ ಶಾಲೆ ಮತ್ತೆ ಬರುವುದು ಅನುಮಾನ. ರ‍್ಯಾಕೆಟ್‌ಗೆ ಗಟ್ಟಿಂಗ್ ಮಾಡಲು ಬರುವವನಾದರೆ ಇನ್ನೂ ಒಳ್ಳೆಯದು. 2009ರಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ಡೆಕಾಥ್ಲಾನ್ ತೆರೆದಾಗಿನಿಂದ ದೊಡ್ಡ ಅಂಗಡಿಗಳ ಬೆಲೆ ಜನರಿಗೆ ಗೊತ್ತಿದೆ, ಈಗ ಮೊಬೈಲಿನಲ್ಲೂ ಕಾಣುತ್ತದೆ. ಬೆಲೆಯಲ್ಲಿ ಅವರನ್ನು ಸೋಲಿಸಲು ಆಗದು. ಇವತ್ತೇ ರಿಪೇರಿ, ಇವತ್ತೇ ಪ್ರಿಂಟ್ ಎನ್ನುವುದರಲ್ಲಿ ಗೆಲ್ಲಬಹುದು.

ಹುಡುಗಿಯರೂ ಆಡುತ್ತಾರೆ. ಶೂ, ಟ್ರ್ಯಾಕ್‌ಪ್ಯಾಂಟ್ ಕೇಳಲು ಕೌಂಟರಿನಲ್ಲಿ ಒಬ್ಬ ಅಕ್ಕ ಇದ್ದರೆ ಅವರಿಗೆ ಸಂಕೋಚ ಇರುವುದಿಲ್ಲ. ಸಂಜೆ ಎರಡು ತಾಸು ಮನೆಯ ಅಕ್ಕನೋ ಅತ್ತಿಗೆಯೋ ಕೂತರೂ ಆಯಿತು, ಆದರೆ ಅವರ ದುಡಿಮೆಗೂ ಲೆಕ್ಕ ಇರಲಿ.

ಕೆಲಸಕ್ಕೆ ಬರುವವರ ಕಡೆಯಿಂದಲೂ ನೋಡಬೇಕು. ನಮ್ಮಲ್ಲಿ ಎಷ್ಟೋ ಜನ ಮೊದಲು ಮಾಲೀಕರಾಗುವುದಿಲ್ಲ, ಸಹಾಯಕರಾಗುತ್ತೇವೆ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಂತೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಇದೆ, ವಾರದ ರಜೆ ಇದೆ. ಸರ್ಕಾರ ಪ್ರಕಟಿಸುವ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ. 14ರೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, ಸ್ವಂತ ಮನೆಯ ಅಂಗಡಿಯಲ್ಲಿ ಶಾಲೆ ಬಿಟ್ಟ ಮೇಲೆ ಕೈಜೋಡಿಸುವುದಷ್ಟೇ ಸರಿ. ಕಡಿಮೆ ಸಂಬಳಕ್ಕೆ ಒಬ್ಬ ಹುಡುಗನ ಓದು ಬಿಡಿಸಿ ನಡೆಸಬೇಕಾದ ಅಂಗಡಿಯಾದರೆ ಅದರ ಲೆಕ್ಕವೇ ಸರಿಯಿಲ್ಲ ಎಂದರ್ಥ.

ತೆರಿಗೆ, ಕಾಗದ

ವ್ಯಾಪಾರ ಪರವಾನಗಿಯನ್ನು ಪುರಸಭೆ ಅಥವಾ ಪಂಚಾಯಿತಿಯಿಂದ ಪಡೆಯಬೇಕು. ನಮ್ಮ ರಾಜ್ಯದಲ್ಲಿ ಸರಕು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗಿನ ವಹಿವಾಟಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಪ್ರಿಂಟಿಂಗ್, ರಿಪೇರಿಯಂಥ ಸೇವೆಯೂ ಸೇರಿದರೆ ಮಿತಿ ಬದಲಾಗುತ್ತದೆ, ಶಾಲೆಗಳು ಜಿಎಸ್‌ಟಿ ಬಿಲ್ ಕೇಳುವುದೂ ಉಂಟು. ತೆರಿಗೆ ಸಲಹೆಗಾರರನ್ನು ಒಮ್ಮೆ ಕೇಳಿ ನಿರ್ಧರಿಸಿ.

ಒಂದು ಕೆಲಸ

ಈ ವರ್ಷ ವ್ಯವಹಾರ ಅಧ್ಯಯನದ ಪ್ರಾಜೆಕ್ಟ್ ಮಾಡುವವರು ಇದನ್ನೇ ವಿಷಯವಾಗಿ ತೆಗೆದುಕೊಳ್ಳಬಹುದು. ನಿಮ್ಮೂರಿನ ಒಂದು ಮಳಿಗೆಯ ಬಾಡಿಗೆ ಕೇಳಿ. ಐದು ಶಾಲೆಗಳಲ್ಲಿ ವರ್ಷಕ್ಕೆ ಏನೇನು ಕೊಳ್ಳುತ್ತಾರೆ, ಹಣ ಯಾವಾಗ ಕೊಡುತ್ತಾರೆ ಎಂದು ವಿಚಾರಿಸಿ. ಮೇಲಿನ ನಾಲ್ಕು ಸಾಲುಗಳಲ್ಲಿ ನಿಮ್ಮ ಅಂಕಿ ತುಂಬಿ, ಮಾರ್ಚ್ ತಿಂಗಳಲ್ಲಿ ಯಾವ ಸಾಲು ನಿಲ್ಲುತ್ತದೆ ನೋಡಿ. ಲೆಕ್ಕ ನಿಂತರೆ ಮನೆಯವರ ಮುಂದೆ ಹಾಳೆ ಇಟ್ಟು ಮಾತಾಡಿ. ನಿಲ್ಲದಿದ್ದರೆ ಒಡವೆ ಬೀರುವಿನಲ್ಲೇ ಇರಲಿ, ಸ್ಟಾಕ್ ಕಡಿಮೆ ಮಾಡಿ ಇನ್ನೊಮ್ಮೆ ಲೆಕ್ಕ ಹಾಕಿ.